ಬಿಸಿಲಿಗೂ ಬೇಕು ಒಬ್ಬ ನೀರಗಂಟಿ

ನಮ್ಮ ಮಡಕಶಿರಾ ಸೀಮೆಯ ಸುತ್ತ ಶಿರಾ, ಮಧುಗಿರಿ, ಪಾವಗಡ. ನೆಲ ಆಂಧ್ರದ್ದು, ಆದರೆ ಹಳ್ಳಿ ಹಳ್ಳಿಯಲ್ಲೂ ಕನ್ನಡ ಮನೆಮಾತಿನವರಿದ್ದಾರೆ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿಯ ಕನ್ನಡ ಶಾಸನಗಳು ಇಲ್ಲೇ ಇವೆ. 2022ರಲ್ಲಿ ನಮ್ಮನ್ನು ಅನಂತಪುರದಿಂದ ಬಿಡಿಸಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಬದಲಾಯಿತು, ಮಳೆ ಬದಲಾಗಲಿಲ್ಲ. ವರ್ಷಕ್ಕೆ ಹೆಚ್ಚೂಕಮ್ಮಿ 550 ಮಿಲಿಮೀಟರು. ಅದೂ ಬಂದರೆ ಬಂತು, ಇಲ್ದಿದ್ರೆ ಇಲ್ಲ.

ಬಿಸಿಲಿಗೆ ಮಾತ್ರ ಬರವಿಲ್ಲ. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಕಡೆ ಸುಮಾರು 13 ಸಾವಿರ ಎಕರೆಯಲ್ಲಿ ಸೌರಫಲಕಗಳು ಎದ್ದವು. 2019ರ ಕೊನೆಗೆ ಅಲ್ಲಿನ ಸಾಮರ್ಥ್ಯ 2,050 ಮೆಗಾವ್ಯಾಟ್ ಮುಟ್ಟಿತು. ಅಷ್ಟು ದೊಡ್ಡ ಲೆಕ್ಕ ನನಗೆ ಬೇಡ. ನಾನು ಹೇಳಹೊರಟಿರುವುದು ನಮ್ಮ ಊರಾಚೆಯ ಕನ್ನಡ ಶಾಲೆಯ ಒಂದೇ ಒಂದು ಫಲಕದ ಮಾತು.

ಅರವತ್ತು ಮಕ್ಕಳ ಶಾಲೆ ಅದು. ಯಾರೋ ಪುಣ್ಯಾತ್ಮರು ನೂರು ವ್ಯಾಟಿನ ಫಲಕ, ಒಂದು ಬ್ಯಾಟರಿ, ನಾಲ್ಕು ದೀಪ, ಮಳೆನೀರಿಗೊಂದು ತೊಟ್ಟಿ ಕೊಟ್ಟರು. ರಿಬ್ಬನ್ ಕತ್ತರಿಸಿದರು, ಫೋಟೋ ಹಿಡಿದರು, ಹೋದರು. ಎರಡು ವರ್ಷಕ್ಕೆ ದೀಪ ಸತ್ತವು. ಬ್ಯಾಟರಿಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಪ್ಲೇಟುಗಳು ಒಣಗಿ ಕೂತಿದ್ದವು. ಒಂದೆರಡು ಬಾಟಲಿ ಡಿಸ್ಟಿಲ್ಡ್ ವಾಟರು ಕಾಲಕ್ಕೆ ಬಿದ್ದಿದ್ದರೆ ಸಾವಿರಾರು ರೂಪಾಯಿಯ ಬ್ಯಾಟರಿ ಉಳಿಯುತ್ತಿತ್ತು. ಅದು ಯಾರ ಕೆಲಸ ಅಂತ ಯಾರೂ ಹೇಳಿರಲಿಲ್ಲ.

ಊರವರು ಚಂದಾ ಎತ್ತಿ ಹೊಸ ಬ್ಯಾಟರಿ ತಂದರು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ಬೋರಿನ ಮೋಟಾರು, ಸ್ಟಾರ್ಟರು ಬಿಚ್ಚಿ ಕಟ್ಟಿದ ಕೈ. ಮೇಷ್ಟ್ರು ಕರೆದರು, ಹೋದೆ. ಈಗ ಶನಿವಾರ ಶನಿವಾರ ಹೋಗ್ತೀನಿ.

ಎರಡು ಭಾಷೆಗೂ ಒಂದೇ ಮಾತು

ಹಿಂದೆ ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡುವುದು, ಏರಿಯಲ್ಲಿ ಇಲಿಬಿಲ ಕಂಡರೆ ಕೂಗಿ ಹೇಳುವುದು ಅವನ ಕೆಲಸ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಅವನ ಪಾಲು ಮೊದಲು. ಈ ಮಾತು ಕನ್ನಡಕ್ಕೂ ಸೈ, ತೆಲುಗಿಗೂ ಸೈ. ನೀರಗಂಟಿ ಹೋದ ಮೇಲೆ ಹೂಳು ತುಂಬಿದ ಕೆರೆಗಳು ಎಷ್ಟಿವೆ ಅಂತ ಗಡಿಯ ಎರಡೂ ಕಡೆಯ ರೈತರಿಗೆ ಗೊತ್ತು.

ಮಕ್ಕಳಿಗೆ ನಾನು ಇದನ್ನೇ ಹೇಳಿದೆ. ಬಿಸಿಲೇ ಮಳೆ. ಫಲಕ ಆ ಮಳೆ ಬೀಳುವ ಬಯಲು. ಬ್ಯಾಟರಿಯೇ ಕೆರೆ. ನಡುವೆ ಗೋಡೆಗಿರುವ ಕಂಟ್ರೋಲರು ಕೋಡಿಯೂ ಹೌದು, ತೂಬೂ ಹೌದು. ಕೆರೆ ತುಂಬಿದರೆ ಹೆಚ್ಚಿನದನ್ನು ತಡೆಯುತ್ತೆ, ತಳ ಕಾಣೋ ಮುಂಚೆ ದೀಪ ಆರಿಸುತ್ತೆ. ‘ಕೆರೆ ಬತ್ತಿಸಬಾರ್ದು ಅಲ್ವಾ ತಾತ?’ ಅಂತ ಐದನೇ ಕ್ಲಾಸಿನ ಹುಡುಗಿ ಕೇಳಿದಳು. ಅಷ್ಟೇ ಪಾಠ. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಅದರ ಆಯುಸ್ಸು ಹೆಚ್ಚು.

ಮಾತಿನ ತೊಡಕೂ ಇತ್ತು. ಸಲಕರಣೆಯ ಜೊತೆ ಬಂದ ಪುಸ್ತಕ ಇಂಗ್ಲಿಷಿನದು. ರಿಪೇರಿಗೆ ಬಂದವನು ತೆಲುಗಿನವನು, ಒಳ್ಳೆಯವನು. ಫಲಕ ತೋರಿಸಿ ‘ಎಂಡ ತಗಲಾಲಿ’ ಅಂದ. ಬಿಸಿಲು ತಾಗಬೇಕು ಅಂತ ಅವನ ಅರ್ಥ. ನಮ್ಮ ಮಕ್ಕಳ ಕಿವಿಗೆ ಬಿದ್ದದ್ದು ಹೆಂಡ! ನಕ್ಕೂ ನಕ್ಕೂ ಸಾಕಾಯಿತು. ಅವತ್ತೇ ಕೂತು ಒಂದೊಂದು ಭಾಗಕ್ಕೂ ಎರಡು ಭಾಷೆಯಲ್ಲಿ ಹೆಸರು ಬರೆದು ಗೋಡೆಗೆ ಅಂಟಿಸಿದೆವು.

ಈಗ ವಾರಕ್ಕಿಬ್ಬರು ಮಕ್ಕಳು ನೀರಗಂಟಿಗಳು. ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಫಲಕದ ಧೂಳು ಒರೆಸುತ್ತಾರೆ. ಕಾದ ಗಾಜಿಗೆ ಮಧ್ಯಾಹ್ನ ತಣ್ಣೀರು ಹಾಕುವಂತಿಲ್ಲ. ಬೇವಿನ ಕೊಂಬೆಯ ನೆರಳು ಫಲಕದ ಮೂಲೆಗೆ ಬಿದ್ದರೂ ಕರೆಂಟು ಕುಗ್ಗುತ್ತದೆ ಅಂತ ಅವರಿಗೆ ಗೊತ್ತು. ಬ್ಯಾಟರಿ ನೋಡುವುದು ಮಾತ್ರ ದೊಡ್ಡವರ ಕೆಲಸ. ಒಳಗಿರುವುದು ಆಸಿಡ್ಡು, ಚಾರ್ಜಾಗುವಾಗ ಬರುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತೆ. ಮಕ್ಕಳು ದೂರ ನಿಂತು ತಾರೀಖು ಬರೆದುಕೊಳ್ಳುತ್ತಾರೆ. ಡಿಸ್ಟಿಲ್ಡ್ ವಾಟರೇ ಯಾಕೆ, ಬೋರಿನ ನೀರು ಯಾಕೆ ಬೇಡ? ಬೋರಿನ ನೀರಲ್ಲಿ ಉಪ್ಪೈತೆ, ಅದು ಪ್ಲೇಟು ತಿನ್ನುತ್ತೆ ಅಂತ ಒಬ್ಬ ಹುಡುಗ ಥಟ್ಟನೆ ಹೇಳಿದ.

ಮಾಳಿಗೆಯ ಲೆಕ್ಕ

ಬೋರಿನ ನೀರು ಬ್ಯಾಟರಿಗಷ್ಟೇ ಅಲ್ಲ, ನಮ್ಮ ಮಕ್ಕಳ ಹಲ್ಲಿಗೂ ಆಗದು. ಈ ಸೀಮೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದರೆ ಕುಡಿಯಲು ಲಾಯಕ್ಕಲ್ಲ. ಹಲ್ಲು ಕಂದುಗಟ್ಟುತ್ತದೆ, ಹೆಚ್ಚಾದರೆ ಮೂಳೆ ಬಾಗುತ್ತದೆ. ಕುದಿಸಿದರೆ ಹೋಗುವುದಿಲ್ಲ, ನೀರು ಇಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಮಳೆನೀರಿನಲ್ಲಿ ಫ್ಲೋರೈಡು ಇಲ್ಲವೆಂದೇ ಹೇಳಬಹುದು. ಆದ್ದರಿಂದ ತೊಟ್ಟಿ ನಮಗೆ ಶೋಕಿಯಲ್ಲ, ಔಷಧಿ.

ಲೆಕ್ಕವನ್ನು ಮಕ್ಕಳೇ ಹಾಕಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ಶಾಲೆಯ ಮಾಳಿಗೆ ನೂರು ಚದರ ಮೀಟರು. 550 ಮಿಲಿಮೀಟರಿಗೆ 55 ಸಾವಿರ ಲೀಟರು. ಐದರಲ್ಲೊಂದು ಪಾಲು ಪೋಲಾದರೂ 44 ಸಾವಿರ. ಅರವತ್ತು ಮಕ್ಕಳಿಗೆ ದಿನಕ್ಕೆರಡು ಲೀಟರಿನಂತೆ 220 ದಿನಕ್ಕೆ ಬೇಕಾದ್ದು 26,400. ಹಾಂಗಾದ್ರೆ ಆಕಾಶ ಕೊಡುವುದು ಸಾಲದು ಅಂತಲ್ಲ, ಹಿಡಿಯುವ ತೊಟ್ಟಿ ದೊಡ್ಡದಿರಬೇಕು. ನಮ್ಮದು ಸಣ್ಣದು. ಇನ್ನೊಂದು ತೊಟ್ಟಿ ಬೇಕು ಅಂತ ಅರ್ಜಿ ಬರೆದವರು ಮಕ್ಕಳೇ. ಈ ಲೆಕ್ಕವನ್ನೇ ಲಗತ್ತಿಸಿದ್ದಾರೆ.

ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಅದರಲ್ಲಿ ಮಾಳಿಗೆಯ ಧೂಳು, ಹಕ್ಕಿ ಹಿಕ್ಕೆ. ಆಮೇಲಿನದು ಮರಳು, ಇದ್ದಿಲು, ಜಲ್ಲಿಯ ಮೂಲಕ ಇಳಿಯಬೇಕು. ತೊಟ್ಟಿಗೆ ಬೆಳಕು ಹೋಗದಂತೆ ಮುಚ್ಚಳ, ಸೊಳ್ಳೆ ನುಗ್ಗದಂತೆ ಜಾಲರಿ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಬ್ಲೀಚಿಂಗ್ ಪೌಡರು, ಒಂದು ಗಂಟೆ ಕಾದು ಕುಡಿಯುವುದು. ಪೌಡರಿನ ಡಬ್ಬಿ ಮೇಷ್ಟ್ರ ಬೀರುವಿನಲ್ಲಿ.

ಕೊಡುವವರಿಗೊಂದು ಮಾತು

ನಿಮ್ಮೂರಿನ ಕೈಪಂಪನ್ನೇ ನೋಡಿ. ನಮ್ಮ ಹಾಗೆಯೇ ಗಡಿಯಾಚೆ ಕನ್ನಡಿಗರಿರುವ ಸೋಲಾಪುರದಲ್ಲಿ ಹುಟ್ಟಿದ ಪಂಪಿನ ಮಾದರಿಯಿಂದ 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ಇಂಡಿಯಾ ಮಾರ್ಕ್ 2 ಬಂತು. ಅದರ ವಾಷರು ಬದಲಿಸಲು ಪೈಪೆಲ್ಲ ಎತ್ತಬೇಕಿತ್ತು. ಮಾರ್ಕ್ 3ರಲ್ಲಿ ಪೈಪು ಎತ್ತದೆಯೇ ವಾಷರು ಹೊರಗೆ ಬರುತ್ತದೆ. ಊರವರೇ ರಿಪೇರಿ ಮಾಡಿಕೊಳ್ಳುವಂತಾಗಲಿ ಅಂತ ಹಾಗೆ ಮಾಡಿದ್ದು. ಶಾಲೆಗೆ ಕೊಡುವವರೂ ಇದನ್ನು ಯೋಚಿಸಬೇಕು.

ಗಡಿಯಾಚೆಯ ಕನ್ನಡ ಶಾಲೆಗೆ ದೀಪ ಕೊಡುವವರು ದಯಮಾಡಿ ಮೂರು ಸೇರಿಸಿ ಕೊಡಿ: ಕನ್ನಡದಲ್ಲಿ ಒಂದು ಹಾಳೆ ವಿವರಣೆ, ಮುಂದಿನ ಬ್ಯಾಟರಿಗೆ ಅಂತ ಒಂದಿಷ್ಟು ಇಡುಗಂಟು, ಊರಿನ ಇಬ್ಬರಿಗೆ ಎರಡು ದಿನದ ತರಬೇತಿ. ಕುಡಿಯೋ ನೀರು, ಓದೋ ಬೆಳಕು ಇಲ್ಲದ ಶಾಲೆಗೆ ಯಾವ ತಾಯಿಯೂ ಮಗುವನ್ನು ಕಳಿಸಳು. ಮಕ್ಕಳು ಬರದಿದ್ದರೆ ಇಲ್ಲಿ ಮುಚ್ಚುವುದು ಬರೀ ಕಟ್ಟಡವಲ್ಲ, ಕನ್ನಡ ಓದುವ ಕೊನೆಯ ಬಾಗಿಲು. ಫಲಕಕ್ಕೆ ಇಪ್ಪತ್ತೈದು ವರ್ಷ ಬಾಳಿಕೆಯಂತೆ. ಅಷ್ಟು ವರ್ಷ ಅದನ್ನು ಒರೆಸುವ ಕೈಗಳು ಇಲ್ಲೇ ಇರುವಂತೆ ನೋಡಿಕೊಳ್ಳೋಣ.