ದುಂಬಿ ಗಂಡೋ, ಹೆಣ್ಣೋ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ತೋಟಗಳಲ್ಲಿ ಹೊಂಬಾಳೆ ಬಿರಿದ ಬೆಳಗಿನಲ್ಲಿ ಕಿವಿಗೊಟ್ಟರೆ ಜೇನಿನ ಝೇಂಕಾರ ಕೇಳುತ್ತದೆ. ನಮ್ಮ ಕಾವ್ಯ ಪರಂಪರೆಯ ಪ್ರಕಾರ ಹೂವು ಹೆಣ್ಣು, ಅದನ್ನರಸಿ ಬರುವ ದುಂಬಿ ಗಂಡು. ಹಾರುವುದು ಅವನ ಸ್ವಭಾವ, ಕಾಯುವುದು ಅವಳ ಪಾಡು. ಸಿನಿಮಾ ಹಾಡುಗಳೂ ಈ ಜೋಡಿಯನ್ನು ಬಿಟ್ಟಿಲ್ಲ.

ತೋಟದ ಸಂಗತಿಯೇ ಬೇರೆ. ಮಕರಂದ, ಪರಾಗ ಹೊತ್ತು ತರುವ ಜೇನುಗಳೆಲ್ಲ ಹೆಣ್ಣು. ಗೂಡು ಕಟ್ಟುವುದು, ಮರಿ ಸಾಕುವುದು, ಕಾವಲಿದ್ದು ಕುಟುಕುವುದೂ ಅವೇ. ಗಂಡುಜೇನಿಗೆ ಕೊಂಡಿಯೇ ಇಲ್ಲ. ಇದನ್ನು ಒಪ್ಪಲು ಪಂಡಿತರಿಗೂ ಬಹುಕಾಲ ಹಿಡಿಯಿತು. ಗ್ರೀಸಿನ ಅರಿಸ್ಟಾಟಲ್ ಗೂಡಿನ ಮುಖ್ಯಸ್ಥನನ್ನು 'ರಾಜ' ಎಂದೇ ಕರೆದ. ಅದು ಹೆಣ್ಣಿನ ರಾಜ್ಯವೆಂದು ಇಂಗ್ಲೆಂಡಿನ ಪಾದ್ರಿ ಚಾರ್ಲ್ಸ್ ಬಟ್ಲರ್ ಪುಸ್ತಕ ಬರೆದದ್ದು 1609ರಲ್ಲಿ. ಅದೇ ಶತಮಾನದಲ್ಲಿ ಡಚ್ ವಿಜ್ಞಾನಿ ಸ್ವಾಮರ್‌ಡಾಮ್ ಆ 'ರಾಜ'ನ ದೇಹದಲ್ಲಿ ಅಂಡಾಶಯವನ್ನೇ ತೋರಿಸಿದ.

ನಮ್ಮಲ್ಲಿ ಇನ್ನೊಂದು ಕಲ್ಪನೆಯೂ ಇತ್ತು. ಗಂಡಿನಿಂದಾಗಲಿ ಹೆಣ್ಣಿನಿಂದಾಗಲಿ, ಎರಡು ಕಾಲಿನ, ನಾಲ್ಕು ಕಾಲಿನ ಪ್ರಾಣಿಗಳಿಂದಾಗಲಿ ಸಾವು ಬಾರದಂತೆ ಅರುಣಾಸುರ ವರ ಪಡೆದಿದ್ದನೆಂದು ದೇವೀಭಾಗವತ ಹೇಳುತ್ತದೆ. ಅವನನ್ನು ಕೊಂದದ್ದು ಆರು ಕಾಲಿನ ದುಂಬಿ. ಶ್ರೀಶೈಲದ ಭ್ರಮರಾಂಬೆಯ ಹೆಸರಿನಲ್ಲೂ ಕಟೀಲಿನ ಸ್ಥಳಪುರಾಣದಲ್ಲೂ ಈ ದುಂಬಿ ಉಳಿದಿದೆ. ಇಲ್ಲಿ ದುಂಬಿ ಪ್ರಣಯಿಯಲ್ಲ, ದೇವಿ. 12ನೆಯ ಶತಮಾನದ ಅಕ್ಕಮಹಾದೇವಿ ತನ್ನ ನೂಲೇ ಸುತ್ತಿಕೊಂಡು ಸಾಯುವ ರೇಷ್ಮೆಹುಳುವನ್ನು ಕಂಡಳು. ಅಕ್ಕರೆಯಿಂದ ಕಟ್ಟಿದ ಮನೆಯೇ ಸೆರೆಯಾಗುವ ಬಗೆಯನ್ನು ಅವಳು ಆ ಹುಳುವಿನ ಮೂಲಕ ಹೇಳಿದಳು.

ಈ ಕಾಲದ ಕಲೆಯೂ ಇದೇ ದಾರಿ ಹಿಡಿದಿದೆ. ಫ್ರಾನ್ಸಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶಿಲ್ಪಿ ಲೂಯಿಸ್ ಬೂರ್ಜ್ವಾ (1911–2010) 1999ರಲ್ಲಿ ಸುಮಾರು 9 ಮೀಟರ್ ಎತ್ತರದ ಜೇಡವೊಂದನ್ನು ರಚಿಸಿದರು. ಅದರ ಹೊಟ್ಟೆಯ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳಿವೆ. ಹೆಸರು 'ಮಾಮಾನ್', ಎಂದರೆ ಅಮ್ಮ. ಅವರ ತಾಯಿ ಹಳೆಯ ಚಿತ್ರಗಂಬಳಿಗಳನ್ನು ದುರಸ್ತಿ ಮಾಡುತ್ತಿದ್ದವರು. ಜೇಡವನ್ನು ವಿಜ್ಞಾನ ಕೀಟವೆನ್ನದು. ಕನ್ನಡ ಮಾತ್ರ 'ಜೇಡರ ಹುಳು' ಎಂದೇ ಕರೆಯುತ್ತದೆ. ತಾಯಿಯೆಂದರೆ ಮೃದು, ಮೌನ ಎಂಬ ಸಿದ್ಧಚಿತ್ರವನ್ನು ಈ ಕಂಚು–ಉಕ್ಕಿನ ಕಾಲುಗಳು ಅಲುಗಿಸುತ್ತವೆ. ಅವಳು ಹೆಣೆಯುವವಳು, ಕಾಯುವವಳು, ಹೆದರಿಸಬಲ್ಲವಳು ಕೂಡ.

ಹಾಗೆಂದು ಹುಳು ನಮಗೆ ನೀತಿ ಹೇಳುತ್ತದೆಂದಲ್ಲ. ರಾಣಿಜೇನು ಆಳುವುದಿಲ್ಲ, ಮೊಟ್ಟೆ ಇಡುತ್ತದೆ ಅಷ್ಟೆ. ರಾಜನನ್ನೋ ರಾಣಿಯನ್ನೋ ಗೂಡಿನಲ್ಲಿ ಕೂರಿಸಿದವರು ಮನುಷ್ಯರು. ಕಲಾವಿದರು ಹುಳುವನ್ನು ತಂದು ನಮ್ಮೆದುರು ಇಟ್ಟಾಗ ಅಲುಗುವುದು ಪ್ರಕೃತಿಯಲ್ಲ, ನಮ್ಮ ನೋಟ.

ತೆಂಗಿನ ಒಂದೇ ಹೊಂಬಾಳೆಯಲ್ಲಿ ಗಂಡು ಹೂವೂ ಇದೆ, ಹೆಣ್ಣು ಹೂವೂ ಇದೆ. ಎತ್ತರದ ತಳಿಗಳಲ್ಲಿ ಗಂಡು ಹೂವು ಮೊದಲು ಅರಳುತ್ತದೆ. ಹಾಗಾಗಿ ಮರದಿಂದ ಮರಕ್ಕೆ ಪರಾಗ ಸಾಗಿಸಲು ಗಾಳಿಯ ಜೊತೆಗೆ ಜೇನೂ ಬೇಕು. ಕಾಯಿ ಕಚ್ಚುವುದು ಈ ಹೆಣ್ಣುಜೇನುಗಳ ದುಡಿಮೆಯಿಂದಲೂ ಹೌದು. ಕೆಳಗೆ ಗರಿ ಹೆಣೆಯುವ, ಪೊರಕೆ ಕಟ್ಟುವ ಕೈಗಳ ದುಡಿಮೆಯಂತೆ ಅದೂ ಲೆಕ್ಕದ ಪುಸ್ತಕಕ್ಕೆ ಬರುವುದು ಅಪರೂಪ.