ತೊಟ್ಟಿಲಿನ ಒತ್ತು ಎಲ್ಲಿ ಹೋಯಿತು?

‘ಸರ, ಒತ್ತು ಎಲ್ಲಿ ಹೋತ್ರಿ?’

ಲ್ಯಾಪ್‌ಟಾಪಿನ ಮುಂದಿದ್ದ ಹುಡುಗ ಕೇಳಿದ. ಪರದೆಯಲ್ಲಿ ‘ಕಲಘಟಗಿ ತೊಟ್ಟಿಲು’ ಎಂಬ ತಲೆಬರಹ. ಊರ ಹೆಸರು ನೆಟ್ಟಗಿತ್ತು. ತೊಟ್ಟಿಲಿನ ಒತ್ತಕ್ಷರದ ಕೆಳಭಾಗ ಮಾತ್ರ ಕತ್ತರಿಯಾಡಿಸಿದಂತೆ ಮಾಯ.

ಅರಗಿನ ಬಣ್ಣದಲ್ಲಿ ಕೃಷ್ಣಲೀಲೆ ಬರೆದ ಕಲಘಟಗಿಯ ತೊಟ್ಟಿಲುಗಳನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ನಾನು ಹೋದದ್ದೂ ಅವನ್ನು ನೋಡಲೆಂದೇ. ಆದರೆ ಮಧ್ಯಾಹ್ನವೆಲ್ಲ ನೋಡುತ್ತ ಕುಳಿತದ್ದು ಬ್ರೌಸರಿನಲ್ಲೇ ಜಾಲತಾಣ ಕಟ್ಟಿಕೊಡುವ ಒಂದು ಉಚಿತ ಸಲಕರಣೆಯನ್ನು.

ವಿಕ್ಸ್ ಹುಟ್ಟಿದ್ದು 2006ರಲ್ಲಿ, ಕ್ಯಾನ್ವಾ ಬಂದದ್ದು 2013ರಲ್ಲಿ. ಕೋಡ್ ಬೇಡ, ಎಳೆದು ಬಿಟ್ಟರಾಯಿತು ಎಂಬುದು ಇಂಥ ಸಲಕರಣೆಗಳೆಲ್ಲದರ ಜಂಬ. ಕನ್ನಡವೂ 1991ರ ಮೊದಲ ಯೂನಿಕೋಡ್‌ನಿಂದಲೇ ಕಂಪ್ಯೂಟರಿಗೆ ಗೊತ್ತು. ಗೂಗಲ್ ಫಾಂಟ್ಸ್‌ನಲ್ಲಿ ‘ಹುಬ್ಬಳ್ಳಿ’ ಎಂಬ ಫಾಂಟೇ ಇದೆ! ಆದರೂ ಡಿಟಿಪಿ ಅಂಗಡಿಯ ಹಳೆಯ, ಯೂನಿಕೋಡ್ ಅಲ್ಲದ ಬರಹ ಅಂಟಿಸಿದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಅದನ್ನು ಹೇಗೋ ದಾಟಿದ್ದ ಹುಡುಗ ಈ ಒತ್ತಿನಲ್ಲಿ ಸಿಕ್ಕಿಬಿದ್ದಿದ್ದ.

ಕಾರಣ ಸರಳ. ಇಂಗ್ಲಿಷ್ ಅಕ್ಷರಗಳ ಅಳತೆಗೆ ಮಾಡಿದ ಪೆಟ್ಟಿಗೆಯಲ್ಲಿ ಸಾಲಿನ ಎತ್ತರ ಬಿಗಿ. ನಮ್ಮಲ್ಲಿ ಗುಡಿಸು ಮೇಲೇರುತ್ತದೆ, ಒತ್ತು ಕೆಳಗಿಳಿಯುತ್ತದೆ. ಪೆಟ್ಟಿಗೆ ದಾಟಿದ್ದನ್ನು ಸಲಕರಣೆ ಮರೆಮಾಡುತ್ತದೆ. ನನಗೆ ಹುಚ್ಚು ಹಿಡಿಯಿತು. ಒಂದೊಂದೇ ಊರು ಟೈಪಿಸಿದೆವು. ನವಲಗುಂದ, ಕುಂದಗೋಳ, ಧಾರವಾಡ ಬಚಾವ್. ಅಣ್ಣಿಗೇರಿಗೆ ಒಂದು ಗಾಯ, ಅಳ್ನಾವರಕ್ಕೆ ಒಂದು, ಹುಬ್ಬಳ್ಳಿಗೆ ಎರಡು. ಕಲಘಟಗಿಯಲ್ಲಿ ಒತ್ತೇ ಇಲ್ಲ. ಊರ ಹೆಸರಷ್ಟೇ ಬರೆದು ಪರೀಕ್ಷಿಸಿದ್ದರೆ ‘ಕನ್ನಡ ಚೆನ್ನಾಗಿ ಬರುತ್ತದೆ’ ಎಂದು ಎದ್ದುಬಿಡುತ್ತಿದ್ದೆವು.

ಸಾಲುಗಳ ಅಂತರವನ್ನು ಅಕ್ಷರದ ಒಂದೂವರೆ ಪಟ್ಟಿಗೆ ಹಿಗ್ಗಿಸಿದರೂ ಪಠ್ಯ ಕಳೆದುಹೋಗಬಾರದೆಂದು, ಜಾಲಪುಟಗಳು ಎಲ್ಲರಿಗೂ ಎಟುಕಲು ರೂಪಿಸಿದ 2018ರ ಡಬ್ಲ್ಯುಸಿಎಜಿ 2.1 ಮಾರ್ಗಸೂಚಿ ಹೇಳುತ್ತದೆ. ನಮಗೋ ಹಿಗ್ಗಿಸುವ ಗುಂಡಿಯೇ ಸಿಗಲೊಲ್ಲದು. ಬಣ್ಣ ಬದಲಿಸುವುದು ಎದುರಿಗೇ ಇತ್ತು, ಅಕ್ಷರ ಕುಣಿಸುವುದೂ ಇತ್ತು. ಸಾಲಿನ ಎತ್ತರ ಮಾತ್ರ ಮೂರು ಚುಕ್ಕೆಯ ಹಿಂದೆ, ಇನ್ನೊಂದು ಪಟ್ಟಿಯ ಒಳಗೆ. ಸುಲಭ ಅನ್ನುವುದು ಯಾರಿಗೆ ಸುಲಭ ಎಂಬುದರ ಮೇಲೆ ನಿಂತಿದೆ.

ಬಣ್ಣದ ಕೈ ಒರೆಸುತ್ತ ಬಂದ ಹಿರಿಯರು ಇಣುಕಿದರು. ‘ಹಲಗಿ ಸಣ್ಣದಾತಂದ್ರ ಕೃಷ್ಣನ ಕಾಲು ಕತ್ತರಸ್ತಾರೇನ್ರಿ?’

ಕೊನೆಗೆ ಗುಂಡಿ ಸಿಕ್ಕಿತು. 1.0 ಇದ್ದದ್ದನ್ನು 1.6 ಮಾಡಿದೆವು, ಒತ್ತು ಪೂರ್ತಿ ಇಳಿದು ಕೂತಿತು. ಚಹಾ ಕುಡಿದು ಹೊರಟವನ ಕೈಗೆ ಹುಡುಗ ತನ್ನ ಮೊಬೈಲ್ ಕೊಟ್ಟ. ಮೊಬೈಲ್ ಪುಟದ ಅಳತೆಗಳನ್ನು ಸಲಕರಣೆ ಬೇರೆಯೇ ಇಟ್ಟುಕೊಂಡಿತ್ತು. ಅಲ್ಲಿ ತೊಟ್ಟಿಲಿಗೆ ಮತ್ತೆ ಒತ್ತಿರಲಿಲ್ಲ.