ಆರತಕ್ಷತೆಯ ಕೇಕು ಮತ್ತು ಮಂಟಪದ ದೀಪ

ಆರತಕ್ಷತೆಯಲ್ಲಿ ಕೇಕು ಕತ್ತರಿಸುವುದು ನಮ್ಮ ಹಿರಿಯರು ಕಂಡ ಪದ್ಧತಿಯಲ್ಲ. ಆದರೂ ಮೊಟ್ಟೆ ಬೆರೆಸದ ಕೇಕು ಇಂದು ಅನೇಕ ಮನೆತನಗಳ ಸಮಾರಂಭದಲ್ಲಿ ವೇದಿಕೆಯೇರಿದೆ. ಅದು ವಧುವಿನ ಸೀರೆಯ ಬಣ್ಣಕ್ಕೆ ಒಪ್ಪಬೇಕೆಂಬ ಆಸೆಯೂ ಜೊತೆಗೆ ಬಂದಿದೆ. ತೊಡಕಿರುವುದು ಇಲ್ಲಿಯೇ. ಹಗಲಿನಲ್ಲಿ ಬೇಕರಿಯಲ್ಲಿ ಮೆಚ್ಚಿ ತಂದ ಕೇಕು ರಾತ್ರಿ ಕಲ್ಯಾಣಮಂಟಪದಲ್ಲಿ ಬೇರೆಯಾಗಿ ಕಂಡು, ‘ಹೇಳಿದ್ದೊಂದು, ಕೊಟ್ಟಿದ್ದೊಂದು’ ಎಂಬ ಮಾತು ಬೀಗರ ಮುಂದೆಯೇ ಏಳುತ್ತದೆ. ಬಹಳ ಸಲ ಬೇಕರಿಯವನು ನಿರಪರಾಧಿ.

ಯಾವ ವಸ್ತುವೂ ತನ್ನ ಮೇಲೆ ಬಿದ್ದ ಬೆಳಕಿನ ಒಂದು ಭಾಗವನ್ನು ಹೀರಿ ಉಳಿದುದನ್ನು ಹಿಂದಿರುಗಿಸುತ್ತದೆ. ಬೆಳಕಿನಲ್ಲಿ ಇಲ್ಲದ ಬಣ್ಣವನ್ನು ಅದು ತೋರಿಸಲಾರದು. ಹಳೆಯ ತಂತಿ ಬಲ್ಬಿನ ವರ್ಣತಾಪ ಸುಮಾರು 2,700 ಕೆಲ್ವಿನ್. ಅದರಲ್ಲಿ ಕೆಂಪು, ಹಳದಿ ಹೆಚ್ಚು, ನೀಲಿ ಕಡಿಮೆ. ನಡುಹಗಲ ಬೆಳಕಾದರೋ 5,500ರಿಂದ 6,500 ಕೆಲ್ವಿನ್. ಆದುದರಿಂದ ಹಳದಿ ದೀಪದಡಿ ಬಿಳಿಯ ಕೆನೆ ತುಪ್ಪದ ಬಣ್ಣಕ್ಕೆ ತಿರುಗುತ್ತದೆ, ತಿಳಿನೇರಳೆ ಮಂಕಾಗುತ್ತದೆ. ಬೆಣ್ಣೆಯಿಂದ ಮಾಡಿದ ಕೆನೆ ಮೊದಲೇ ತುಸು ಹಳದಿಯಾದ್ದರಿಂದ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ವೇದಿಕೆಗೆ ಹಾಯಿಸುವ ಬಣ್ಣದ ಎಲ್‌ಇಡಿ ದೀಪಗಳ ಹಾವಳಿ ಬೇರೆಯೇ. ಬರಿಯ ನೀಲಿ ಬೆಳಕಿನಲ್ಲಿ ಕೇಕಿನ ಮೇಲಿನ ಕೆಂಗುಲಾಬಿ ಕಪ್ಪಾಗಿ ತೋರುತ್ತದೆ. ಹಸಿರು ಬೆಳಕಿನಲ್ಲಿ ವಧುವಿನ ಮುಖವೂ ಕಳೆಗುಂದುತ್ತದೆ. ಕೇಕಿಗಿಂತ ಅದು ಮುಖ್ಯವಲ್ಲವೆ?

ಸೀರೆಯ ಬಣ್ಣವೂ ಕೆನೆಯ ಬಣ್ಣವೂ ಬೇರೆ ಬೇರೆ ದ್ರವ್ಯಗಳಿಂದ ಆದವು. ಒಂದು ಬೆಳಕಿನಲ್ಲಿ ತದ್ರೂಪವಾಗಿ ಕಂಡವು ಇನ್ನೊಂದರಲ್ಲಿ ಅಗಲಿಬಿಡಬಹುದು. ವಿಜ್ಞಾನಿಗಳು ಇದನ್ನು ಮೆಟಾಮೆರಿಸಂ ಎನ್ನುತ್ತಾರೆ. ಸೀರೆ ಕೊಳ್ಳುವಾಗ ನಮ್ಮ ಅಜ್ಜಿಯರು ಅದನ್ನು ಅಂಗಡಿಯ ಬಾಗಿಲಿಗೆ ಒಯ್ದು ಹಗಲ ಬೆಳಕಿಗೆ ಹಿಡಿಯುತ್ತಿದ್ದುದು ಸುಮ್ಮನೆ ಅಲ್ಲ. ರಾತ್ರಿಯ ಸಮಾರಂಭಕ್ಕಾದರೆ ಆ ಪರೀಕ್ಷೆಯನ್ನು ತಿರುಗಿಸಬೇಕು. ಬಣ್ಣ ಬೆರೆಸಿದ ಕೆನೆಯನ್ನು ಒಂದು ತಟ್ಟೆಗೆ ಸವರಿಸಿಕೊಂಡು, ಸೀರೆಯ ಕುಪ್ಪಸದ ತುಂಡಿನೊಡನೆ ಸಂಜೆ ಮಂಟಪಕ್ಕೆ ಹೋಗಿ ಅಲ್ಲಿನ ದೀಪದಡಿಯೇ ನೋಡಿರಿ.

ದೀಪವನ್ನು ನೀವೇ ಆರಿಸುವುದಾದರೆ ಪೆಟ್ಟಿಗೆಯ ಮೇಲಿನ ‘ಸಿಆರ್‌ಐ’ ಅಂಕಿಯನ್ನು ಗಮನಿಸಿ. ಅದರ ಗರಿಷ್ಠ ಮಟ್ಟ 100. 90ಕ್ಕೆ ಮೇಲ್ಪಟ್ಟುದು ಬಣ್ಣಗಳನ್ನು ಹೆಚ್ಚು ನಿಜವಾಗಿ ತೋರಿಸುತ್ತದೆ. ಕೇಕು ಕತ್ತರಿಸುವ ಹತ್ತು ನಿಮಿಷ ಬಣ್ಣದ ದೀಪಗಳನ್ನು ಆರಿಸುವಂತೆ ಅಲಂಕಾರದವರಿಗೆ ಮೊದಲೇ ತಿಳಿಸಿದರೆ ಛಾಯಾಚಿತ್ರಗಳೂ ಚೆನ್ನಾಗಿ ಬರುತ್ತವೆ.

ನೇರಳೆ ಕೇಕು ಮಾಡಿಸುವವರಿಗೆ ಇನ್ನೊಂದು ಮಾತು. ಕೆಂಪು, ನೀಲಿ ಬೆರೆಸಿ ಮಾಡಿದ ನೇರಳೆಯಲ್ಲಿ ಕೆಂಪು ಬೇಗ ಮಾಸಿ ನೀಲಿ ಉಳಿಯುವುದುಂಟು. ಅಂಥ ಕೇಕನ್ನು ಬಿಸಿಲಿಗೂ ಪ್ರಖರ ದೀಪಕ್ಕೂ ಒಡ್ಡದೆ, ಕತ್ತರಿಸುವ ವೇಳೆಗೆ ಸರಿಯಾಗಿ ಪೆಟ್ಟಿಗೆಯಿಂದ ಹೊರತೆಗೆಯಿರಿ.